ಗೋಡೆಗೆ ಏರದ ಜಿಂಕೆ

ನಂಜನಗೂಡಿನಿಂದ ಟಿ. ನರಸೀಪುರಕ್ಕೆ ಹೋಗುವ ಬಸ್ಸಿನಲ್ಲಿ ಕನ್ನಡ ಎಂ.ಎ. ಓದುವ ಹುಡುಗನೊಬ್ಬ ಪಕ್ಕದಲ್ಲಿ ಕೂತಿದ್ದ. ಅವನ ಮೊಬೈಲಿನಲ್ಲಿ ಅಮೆರಿಕದ ಯಾರದೋ ಬಿಲ್ಲುಬೇಟೆಯ ವಿಡಿಯೊ. ಮರದ ಮೇಲೆ ಕೂತವನು ಬಾಣ ಬಿಟ್ಟ, ಜಿಂಕೆ ಚಂಗನೆ ಹಾರಿ ಪೊದೆಗೆ ನುಗ್ಗಿತು. ಮರುಕ್ಷಣವೇ ಸತ್ತ ಜಿಂಕೆಯ ಕೊಂಬು ಹಿಡಿದು ನಗುತ್ತಿರುವ ಮುಖ. ‘ಬಂದೂಕಿನ ಥರ ಅಲ್ಲ ಸಾರ್ ಇದು. ಇದರಲ್ಲೊಂದು ಕಾವ್ಯ ಇದೆ’ ಅಂದ. ‘ನಡುವೆ ಎಷ್ಟು ಹೊತ್ತಿನದನ್ನು ಕತ್ತರಿಸಿದ್ದಾರೆ?’ ಎಂದು ಕೇಳಿದೆ. ಅವನಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. ತಪ್ಪು ಅವನದಲ್ಲ. ಸಾಹಿತ್ಯದ ಮೇಷ್ಟರುಗಳಾದ ನಾವು ತರಗತಿಯಲ್ಲಿ ತೋರಿಸುವುದೂ ಆ ಕತ್ತರಿಸಿದ ವಿಡಿಯೊವನ್ನೇ.

ಬಾಣ ಗುಂಡಿನ ಹಾಗಲ್ಲ. ಅದು ಕೊಲ್ಲುವುದು ರಕ್ತ ಸುರಿಸಿ. ಶ್ವಾಸಕೋಶಕ್ಕೆ ಸರಿಯಾಗಿ ನಾಟಿದರೂ ಜಿಂಕೆ ನಿಂತಲ್ಲೇ ಬೀಳುವುದು ಅಪರೂಪ, ಒಂದಷ್ಟು ದೂರ ಓಡಿಯೇ ಬೀಳುತ್ತದೆ. ಇನ್ನು ಹೆದೆಯ ಸದ್ದು ಬಾಣಕ್ಕಿಂತ ಮೊದಲೇ ಅದರ ಕಿವಿಗೆ ಮುಟ್ಟಿರುತ್ತದೆ. ಓಡಲು ಮೈ ಕುಗ್ಗಿಸುತ್ತದೆ, ಎದೆಗೆಂದು ಹೊರಟ ಬಾಣ ಬೆನ್ನಿಗೋ ಹೊಟ್ಟೆಗೋ ಹೋಗುತ್ತದೆ. ವಿಡಿಯೊ ಕತ್ತರಿಸುವುದು ಇಲ್ಲಿಂದ ಮುಂದಿನದನ್ನು.

ಮುಂದಿನದು ಹೀಗಿದೆ. ಎಲೆಯ ಮೇಲೆ ಬಿದ್ದ ರಕ್ತ ನೊರೆನೊರೆಯಾಗಿ ತಿಳಿಗೆಂಪಿದ್ದರೆ ಶ್ವಾಸಕೋಶ. ಕಪ್ಪುಗೆಂಪಾದರೆ ಪಿತ್ತಜನಕಾಂಗ. ಹಸಿರು ಬೆರೆತು, ಅರೆಜೀರ್ಣವಾದ ಮೇವಿನ ನಾತ ಬಂದರೆ ಹೊಟ್ಟೆ. ಎದೆಗೆ ಬಿದ್ದಿದೆಯೆಂದು ಖಾತ್ರಿಯಿದ್ದರೆ ಅರ್ಧ ಗಂಟೆ ಕೂತು ಕಾಯಬೇಕು. ಹೊಟ್ಟೆಗೆ ಬಿದ್ದಿದ್ದರೆ ಎಂಟು-ಹತ್ತು ಗಂಟೆ. ಗಾಯಗೊಂಡ ಜಿಂಕೆ ಹತ್ತಿರದಲ್ಲೇ ಎಲ್ಲೋ ಮಲಗಿರುತ್ತದೆ. ಬೆನ್ನಟ್ಟಿದರೆ ಎದ್ದು ಮೈಲಿಗಟ್ಟಲೆ ಓಡುತ್ತದೆ, ಕರುಳೋ ಕೊಬ್ಬೋ ಗಾಯಕ್ಕೆ ಅಡ್ಡ ಬಂದು ರಕ್ತದ ಜಾಡೂ ನಿಲ್ಲುತ್ತದೆ. ಆಮೇಲೆ ಅದು ಯಾರಿಗೂ ಸಿಗದೆ ಸಾಯುತ್ತದೆ. ಹಾಗಾಗಿ ಕಾದು, ಮಂಡಿಯೂರಿ, ಕೊನೆಯ ಹನಿ ಕಂಡಲ್ಲಿ ಗುರುತಿಟ್ಟು, ಅಲ್ಲಿಂದ ಸುತ್ತುಹಾಕುತ್ತಾ ಮುಂದಿನ ಹನಿ ಹುಡುಕಬೇಕು. ಬಿಲ್ಲುಬೇಟೆಗೆ ಪರವಾನಗಿ ಇರುವ ದೇಶಗಳಲ್ಲಿ ನಿಯತ್ತಿನ ಬೇಟೆಗಾರರು ಇದನ್ನು ಮಾಡುತ್ತಾರೆ, ಜಾಡು ಹಿಡಿಯುವ ನಾಯಿಗಳನ್ನು ತರಿಸುತ್ತಾರೆ. ಆದರೂ ಎಲ್ಲ ಜಿಂಕೆಗಳೂ ಸಿಗುವುದಿಲ್ಲ. ‘ಸಮಬಲದ ಹೋರಾಟ’ ಎಂದು ಬಿಲ್ಲನ್ನು ಹೊಗಳುವವರು ಸಿಗದೆಹೋದ ಜಿಂಕೆಯನ್ನು ಲೆಕ್ಕದಿಂದ ಬಿಟ್ಟೇ ಮಾತಾಡುತ್ತಾರೆ.

ಮೈಸೂರಿಗೆ ಈ ಬಿಟ್ಟ ಲೆಕ್ಕ ಹೊಸದೇನಲ್ಲ. ಬಂಡೀಪುರ ಮಹಾರಾಜರ ಬೇಟೆಯ ಕಾಡಾಗಿತ್ತು. ಸತ್ತ ಪ್ರಾಣಿಗಳಿಗೆ ಹದ ಹಾಕಿ ಜೀವ ಬಂದಂತೆ ಕಾಣಿಸುತ್ತಿದ್ದ ವ್ಯಾನ್ ಇಂಗೆನ್ ಅವರ ಕಾರ್ಖಾನೆ 1999ರವರೆಗೂ ನಮ್ಮೂರಲ್ಲೇ ಇತ್ತು. ಆ ತಲೆಗಳನ್ನು ಕಂಡು ಅಯ್ಯೋ ಅನ್ನುವವರುಂಟು, ಆಹಾ ಅನ್ನುವವರೂ ಉಂಟು. ಇಬ್ಬರೂ ಮರೆಯುವುದು ಒಂದನ್ನೇ: ಗೋಡೆಯ ಮೇಲಿರುವುದು ಕೈಗೆ ಸಿಕ್ಕ ಪ್ರಾಣಿ ಮಾತ್ರ. ತಪ್ಪಿದ ಪೆಟ್ಟು ತಿಂದು ಎರಡು ದಿನ ನೀರಿಗಾಗಿ ತೆವಳಿ ಹಳ್ಳದಲ್ಲಿ ಸತ್ತದ್ದಕ್ಕೆ ಗೋಡೆ ಇಲ್ಲ.

ನಮ್ಮ ಪುರಾಣಗಳು ಇಷ್ಟು ಮರೆಗುಳಿಯಾಗಿರಲಿಲ್ಲ. ಶ್ರವಣಕುಮಾರನ ಕತೆ ನಿಜವಾಗಿ ಶುರುವಾಗುವುದು ದಶರಥ ಬಾಣ ಬಿಟ್ಟಾಗಲ್ಲ, ಸದ್ದು ಬಂದ ಕಡೆಗೆ ನಡೆದು ಹೋದಾಗ. ಆ ಹುಡುಗನ ಎದೆಯ ಬಾಣ ಕೀಳಬೇಕಾದವನು ಅವನೇ, ಕುರುಡು ತಂದೆತಾಯಿಗೆ ನೀರು ಹೊತ್ತು ಒಯ್ಯಬೇಕಾದವನೂ ಅವನೇ. ಪಾಂಡು ತಾನು ಹೊಡೆದ ಜಿಂಕೆಯ ಮಾತನ್ನು ನಿಂತು ಕೇಳಬೇಕಾಯಿತು. ಜಿಂಕೆಯೆಂದು ಬಗೆದು ಹೊಡೆದ ಬೇಡ ಹತ್ತಿರ ಬಂದು ನೋಡಿದರೆ ಅದು ಕೃಷ್ಣನ ಪಾದ. ಮೂವರೂ ತಾವು ಮಾಡಿದ ಗಾಯದವರೆಗೆ ನಡೆದು ಹೋದವರು. ಮೈಸೂರಿನ ಬಸವಪ್ಪ ಶಾಸ್ತ್ರಿಗಳು ಕನ್ನಡಕ್ಕೆ ತಂದ ಶಾಕುಂತಲದಲ್ಲಿ ದುಷ್ಯಂತನ ಬಿಲ್ಲಿಗೆ ಬೆದರಿ ಓಡುವ ಜಿಂಕೆ ನಮಗೆಲ್ಲ ನೆನಪಿದೆ. ಪರೀಕ್ಷೆಗೂ ಅದೇ ಬರುತ್ತದೆ. ನಾಲ್ಕನೆಯ ಅಂಕದ ಇನ್ನೊಂದು ಜಿಂಕೆ, ದರ್ಭೆ ಚುಚ್ಚಿದ ಬಾಯಿಗೆ ಶಕುಂತಲೆ ಎಣ್ಣೆ ಹಚ್ಚಿ ಸಾಕಿದ್ದು, ಹೊರಟವಳ ಸೆರಗು ಹಿಡಿದು ಎಳೆಯುವುದು, ಎಷ್ಟು ಜನರಿಗೆ ನೆನಪಿದೆ?

‘ಬೇಟೆಯನ್ನೇ ನಿಷೇಧಿಸಿ ಅರ್ಧ ಶತಮಾನ ಕಳೆಯಿತು, ಈಗ ಯಾಕೆ ಈ ತಕರಾರು’ ಎಂದು ಕೇಳಬಹುದು. ಈಗಲೇ ಬೇಕು. 1972ರ ವನ್ಯಜೀವಿ ಕಾಯಿದೆ ಕೊಲ್ಲುವುದನ್ನು ಮಾತ್ರವಲ್ಲ, ಗಾಯ ಮಾಡುವುದನ್ನೂ ಉರುಳು ಒಡ್ಡುವುದನ್ನೂ ಬೇಟೆ ಅನ್ನುತ್ತದೆ. ನಮ್ಮ ಸೀಮೆಯಲ್ಲಿ ಈಗ ಬಿಲ್ಲಿನ ಜಾಗಕ್ಕೆ ಬಂದಿರುವುದು ಬೈಕಿನ ಕ್ಲಚ್ ವೈರಿನ ಉರುಳು. ಹಂದಿಗೆಂದು ಬೇಲಿಯ ಕಂಡಿಯಲ್ಲಿ ಕಟ್ಟುತ್ತಾರೆ, ಜಿಂಕೆ ಬೀಳುತ್ತದೆ, ಚಿರತೆ ಬೀಳುತ್ತದೆ. ರೈತನ ಸಂಕಟ ಸುಳ್ಳಲ್ಲ. ಟಿ. ನರಸೀಪುರ ತಾಲ್ಲೂಕಿನಲ್ಲಿ 2022ರ ಅಕ್ಟೋಬರಿನಿಂದ 2023ರ ಜನವರಿಯೊಳಗೆ ನಾಲ್ಕು ಜನ ಚಿರತೆಗೆ ಬಲಿಯಾದರು. ಕಬ್ಬಿನ ಗದ್ದೆಗೆ ಹೋಗಲು ಹೆದರುವವನಿಗೆ ಅಹಿಂಸೆಯ ಪಾಠ ಹೇಳಲು ನಾನು ಬಂದಿಲ್ಲ. ಆದರೆ ಉರುಳೆಂದರೆ ಬಿಟ್ಟವನಿಲ್ಲದ ಬಾಣ. ದಶರಥನಾದರೂ ಸದ್ದು ಕೇಳಿ ನಡೆದ. ಉರುಳು ಕಟ್ಟಿದವನು ಮನೆಯಲ್ಲಿ ಮಲಗಿರುತ್ತಾನೆ. ಬೆಳಿಗ್ಗೆ ಬಂದು ನೋಡಿದಾಗ ಗೂಟ ಕಿತ್ತುಹೋಗಿದ್ದರೆ, ಇನ್ನೊಂದು ನೆಡುತ್ತಾನೆ.

ಹೆಡಿಯಾಲದ ಕಡೆ, ಕಾಡಂಚಿನ ಒಂದು ಊರಲ್ಲಿ, ನೆಂಟರ ಮನೆಗೆ ಹೋದಾಗ ಹಾಗೆ ಗೂಟ ಕಿತ್ತುಕೊಂಡು ಬಂದ ಜಿಂಕೆಯೊಂದನ್ನು ನೋಡಿದೆ. ಹಿಂಗಾಲಿನ ವೈರು ಮೂಳೆ ಮುಟ್ಟಿತ್ತು. ಹುರುಳಿ ಹೊಲದಲ್ಲಿ ಮಲಗಿದ್ದದ್ದು ಹುಡುಗರ ಗಲಾಟೆಗೆ ಎದ್ದು ಲಾಂಟಾನದೊಳಗೆ ನುಗ್ಗಿತು. ಹಿಂದೆಯೇ ಹತ್ತು ಮೊಬೈಲು, ನಾಲ್ಕು ನಾಯಿ. ಜೇನುಕುರುಬರ ಹಿರಿಯರೊಬ್ಬರು ಕೈ ಅಡ್ಡ ಹಿಡಿದು ‘ತುಳೀಬ್ಯಾಡ್ರಪ್ಪ, ಅಲ್ಲೇ ನಿಂತ್ಕಳಿ’ ಅಂದರು. ಎಲೆಯೊಂದನ್ನು ಮಗುಚಿ ಅಡಿಗೆ ಅಂಟಿದ್ದ ಕಪ್ಪು ಹನಿ ತೋರಿಸಿದರು. ‘ನಾಯ್ಗಳ ಹಿಡ್ಕಳಿ ಮೇಷ್ಟ್ರೇ, ಒಸಿ ಹೊತ್ತು ಬುಟ್ರೆ ಇಲ್ಲೇ ಮಲೀಕತದೆ. ಆಮೇಕೆ ನೋಡವ.’ ಕಾಯುವುದನ್ನು ವಿಡಿಯೊ ಮಾಡಲಾಗುವುದಿಲ್ಲವಲ್ಲ, ಹುಡುಗರು ಚದುರಿದರು. ಫೋನ್ ಮಾಡಿ ತಿಳಿಸೋಣ ಅಂದೆ. ಉರುಳು ಯಾರದು ಅಂತ ಕೇಳ್ತಾರೆ, ಊರಿಗೇ ಕೇಸು ಅಂದರು. ನಂಜುಂಡಪ್ಪ ನೋಡ್ಕೋತಾನೆ ಎಂದು ಒಬ್ಬರು ಕೈಮುಗಿದು ಹೋದರು. ಟಿಪ್ಪುವಿನ ಆನೆಯ ಕಣ್ಣು ವಾಸಿಮಾಡಿ ಹಕೀಂ ನಂಜುಂಡ ಅನ್ನಿಸಿಕೊಂಡ ದೇವರು ಆತ, ಜಿಂಕೆಯನ್ನೂ ಅವನ ತಲೆಗೇ ಕಟ್ಟಿದ್ದಾಯಿತು.

ಆ ಹಿರಿಯರ ಜನರಿಂದ ಹಾಡು ಬರೆದುಕೊಂಡು ಪದವಿ ಪಡೆದ ನಮ್ಮಲ್ಲಿ ಎಷ್ಟು ಮಂದಿ ಅವರ ಈ ಓದನ್ನು ಬರೆದುಕೊಂಡಿದ್ದೇವೆ? ಒಂದು ಹನಿಯ ಬಣ್ಣದಿಂದ ಗಾಯದ ಜಾಗ, ಹುಲ್ಲು ಬಾಗಿದ ರೀತಿಯಿಂದ ಓಟದ ದಿಕ್ಕು ತಿಳಿಯುವುದು ಅಕ್ಷರ ಓದುವುದಕ್ಕಿಂತ ಕಡಿಮೆಯದಲ್ಲ. ಬೇಟೆಯ ಪದ್ಯಕ್ಕೆ ಅಲಂಕಾರ ಗುರುತಿಸಿ ಎಂದು ಕೇಳುವ ನಾವು, ಬಾಣ ಬಿದ್ದ ಮೇಲೆ ಯಾರು ಹಿಂದೆ ಹೋದರು ಎಂದೂ ಕೇಳಬೇಕು. ಕಾಡಂಚಿನ ಊರುಗಳಿಂದಲೇ ಬರುವ ವಿದ್ಯಾರ್ಥಿಗಳಿಗೆ ಉರುಳು ಕಂಡರೆ ಕಿತ್ತೆಸೆಯಿರಿ, ಗಾಯದ ಪ್ರಾಣಿ ಕಂಡರೆ ನಾಯಿ ತಡೆದು ಅರಣ್ಯದವರಿಗೆ ತಿಳಿಸಿ, ಅವರು ಬರುವವರೆಗೆ ದೂರದಲ್ಲಿ ಕಾಯಿರಿ ಎನ್ನಲು ಯಾವ ಪಠ್ಯಕ್ರಮವೂ ಅಡ್ಡಬರುವುದಿಲ್ಲ.

ಇಷ್ಟನ್ನೂ ಬಸ್ಸಿನಲ್ಲಿ ಆ ಹುಡುಗನಿಗೆ ಹೇಳಿದೆ. ಸಂಗಮದ ಸೇತುವೆ ಬರುವಷ್ಟರಲ್ಲಿ ಅವನು ಮೊಬೈಲನ್ನು ಜೇಬಿಗೆ ಹಾಕಿದ್ದ.

‘ಆಮೇಲೆ ಆ ಜಿಂಕೆ ಏನಾಯ್ತು ಸಾರ್?’

ಗೊತ್ತಿಲ್ಲಪ್ಪ ಅಂದೆ. ಆವತ್ತು ಆ ಹಿರಿಯರೊಬ್ಬರನ್ನೇ ಅಲ್ಲಿ ಬಿಟ್ಟು ನಾನು ಹನ್ನೊಂದು ಗಂಟೆಯ ಬಸ್ಸು ಹಿಡಿದಿದ್ದೆ.