ಸವೆದ ರಬ್ಬರು ಯಾರ ಹೊಳೆ ಸೇರಿತು?

ಮಳೆಗಾಲಕ್ಕೆ ಮುನ್ನ ಮಲೆನಾಡಿನ ಮನೆಗಳಲ್ಲಿ ನಡೆಯುವ ಸಿದ್ಧತೆಗಳ ಪಟ್ಟಿ ದೀರ್ಘವಾದುದು. ಸೌದೆ ಕೊಟ್ಟಿಗೆ ಸೇರಬೇಕು, ಹಂಚು ಸರಿಯಾಗಬೇಕು, ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಸಾಮಗ್ರಿ ಮನೆಗೆ ಬರಬೇಕು. ಈಚಿನ ವರ್ಷಗಳಲ್ಲಿ ಈ ಪಟ್ಟಿಗೆ ಕಾರಿನ ಟೈರು ಬದಲಿಸುವ ಕೆಲಸವೂ ಸೇರಿಕೊಂಡಿದೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂದು ಅಳೆದು ತೂಗುವ ಕೃಷಿಕ, ತೋಟಕ್ಕೆ ಸುರಿದ ತಾಮ್ರ ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂದು ಒಮ್ಮೊಮ್ಮೆಯಾದರೂ ಚಿಂತಿಸುತ್ತಾನೆ. ಅದೇ ಕೃಷಿಕ ಟೈರಿನಂಗಡಿಯ ಮುಂದೆ ನಿಂತಾಗ ಕೇಳುವ ಪ್ರಶ್ನೆಗಳು ಎರಡೇ: ಬೆಲೆ ಎಷ್ಟು? ಹಳೆಯದಕ್ಕೆ ಎಷ್ಟು ಕಳೆಯುತ್ತೀರಿ? ಮೂರನೆಯ ಪ್ರಶ್ನೆಯೊಂದಿದೆ. ಹಳೆಯ ಟೈರಿನಲ್ಲಿ ಇದ್ದು ಈಗ ಇಲ್ಲವಾಗಿರುವ ರಬ್ಬರು ಎಲ್ಲಿಗೆ ಹೋಯಿತು?

ಲೆಕ್ಕ ಸರಳವಾಗಿದೆ. ಎಂಟು ಹತ್ತು ಕಿಲೋ ತೂಗುವ ಕಾರಿನ ಟೈರು ತನ್ನ ಆಯುಷ್ಯ ಮುಗಿಸುವ ಹೊತ್ತಿಗೆ ಒಂದು ಕಿಲೋಗ್ರಾಮಿಗೂ ಹೆಚ್ಚು ತೂಕ ಕಳೆದುಕೊಂಡಿರುತ್ತದೆ. ನಾಲ್ಕು ಟೈರುಗಳೆಂದರೆ ನಾಲ್ಕು ಕಿಲೋ. ನೂರು ಕಾರುಗಳಿರುವ ಒಂದು ಗ್ರಾಮ ಪಂಚಾಯಿತಿಯಲ್ಲಿ ಒಂದು ಸುತ್ತು ಟೈರು ಬದಲಾಗುವಷ್ಟರಲ್ಲಿ 400 ಕಿಲೋ ರಬ್ಬರಿನ ಪುಡಿ ರಸ್ತೆಯ ಮೇಲೆ ಸವೆದು ಮಣ್ಣು, ಗಾಳಿ, ನೀರು ಸೇರಿರುತ್ತದೆ. ಇದು ಕೇವಲ ಮರದ ಹಾಲಿನಿಂದಾದ ರಬ್ಬರಲ್ಲ. ಪೆಟ್ರೋಲಿಯಂನಿಂದ ತಯಾರಾದ ಕೃತಕ ರಬ್ಬರು, ಕಾರ್ಬನ್ ಬ್ಲ್ಯಾಕ್, ಗಂಧಕ, ಸತುವಿನ ಆಕ್ಸೈಡ್ ಹಾಗೂ ಹಲವು ಬಗೆಯ ರಾಸಾಯನಿಕಗಳು ಬೆರೆತ ಪುಡಿ ಅದು. ಅದರಲ್ಲಿ ಸತು ಶೇ. 1ರಷ್ಟು ಎಂದಿಟ್ಟುಕೊಂಡರೂ ನಾಲ್ಕು ಕಿಲೋ ಆಯಿತು. ಆಗುಂಬೆಯಂತಹ ಕಡೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೀರಿ ಸುರಿಯುವ ಮಳೆ ರಸ್ತೆಯನ್ನು ತೊಳೆಯುತ್ತದೆ. ತೊಳೆದ ನೀರು ಚರಂಡಿಗೆ, ಚರಂಡಿಯಿಂದ ಹಳ್ಳಕ್ಕೆ ಇಳಿಯುತ್ತದೆ. ಘಟ್ಟದ ರಸ್ತೆಗೂ ನದಿಯ ತಲೆಗೂ ನಡುವೆ ಇರುವ ಅಂತರ ಹಲವೆಡೆ ಒಂದು ಮೋರಿಯಷ್ಟೇ.

ಪುಡಿಯಿಂದ ಆಗುವುದೇನು ಎಂಬ ಪ್ರಶ್ನೆಗೆ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಉತ್ತರ ದೊರೆತಿದೆ. ಅಲ್ಲಿನ ಪ್ಯೂಜೆಟ್ ಸೌಂಡ್ ಪ್ರದೇಶದ ನಗರದ ಹಳ್ಳಗಳಿಗೆ ಮೊಟ್ಟೆಯಿಡಲು ಬರುತ್ತಿದ್ದ ಕೊಹೋ ಸಾಲ್ಮನ್ ಮೀನುಗಳು ಮಳೆ ಬಿದ್ದ ಕೂಡಲೇ, ಮೊಟ್ಟೆಯಿಡುವ ಮುನ್ನವೇ ಸಾಯುತ್ತಿದ್ದವು. ಕಾರಣ ಹುಡುಕಿ ಹೊರಟ ವಿಜ್ಞಾನಿಗಳು ವರ್ಷಗಟ್ಟಲೆ ಶ್ರಮಿಸಿ 2020ರ ಡಿಸೆಂಬರ್‌ನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅಪರಾಧಿಯ ಹೆಸರನ್ನು ಪ್ರಕಟಿಸಿದರು. ಟೈರು ಬಿರುಕು ಬಿಡದಿರಲೆಂದು ಸೇರಿಸುವ 6ಪಿಪಿಡಿ ಎಂಬ ರಾಸಾಯನಿಕವು ಗಾಳಿಯ ಓಜೋನಿನೊಡನೆ ವರ್ತಿಸಿ 6ಪಿಪಿಡಿ-ಕ್ವಿನೋನ್ ಆಗುತ್ತದೆ; ಅದರ ಅತ್ಯಲ್ಪ ಪ್ರಮಾಣವೂ ಆ ಮೀನಿಗೆ ಮಾರಕ. ಟೈರಿನ ಆಯುಷ್ಯ ಹೆಚ್ಚಿಸುವ ವಸ್ತುವೇ ಮೀನಿನ ಆಯುಷ್ಯವನ್ನು ಕಳೆಯಿತು. 2023ರಲ್ಲಿ ಕ್ಯಾಲಿಫೋರ್ನಿಯಾ ಈ ವಸ್ತುವಿರುವ ಟೈರುಗಳನ್ನು ನಿಯಂತ್ರಣದ ಪಟ್ಟಿಗೆ ಸೇರಿಸಿ, ಪರ್ಯಾಯ ಹುಡುಕುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿತು.

ತುಂಗೆಯಲ್ಲಿ ಕೊಹೋ ಸಾಲ್ಮನ್ ಇಲ್ಲವಲ್ಲ ಎಂದು ಹೇಳಿ ಕೈತೊಳೆದುಕೊಳ್ಳುವವರಿದ್ದಾರೆ. ನಿಜ, ಎಲ್ಲ ಮೀನುಗಳೂ ಈ ವಿಷಕ್ಕೆ ಒಂದೇ ರೀತಿ ಬಲಿಯಾಗುವುದಿಲ್ಲ. ಕೊಹೋವಿನ ಹತ್ತಿರದ ಬಂಧುವಾದ ಚಮ್ ಸಾಲ್ಮನ್ ಅದೇ ನೀರಿನಲ್ಲಿ ಬದುಕುತ್ತದೆ, ರೇನ್‌ಬೋ ಟ್ರೌಟ್ ಬದುಕುವುದಿಲ್ಲ. ಹಾಗಿರುವಾಗ ಸಹ್ಯಾದ್ರಿಯ ಹಳ್ಳಗಳಿಗೆ ಮಾತ್ರ ಸೀಮಿತವಾದ ಮೀನು, ಕಪ್ಪೆಗಳ ಮೇಲೆ ಇದನ್ನು ಪರೀಕ್ಷಿಸುವುದು ಸರ್ಕಾರದ ಹಾಗೂ ವಿಶ್ವವಿದ್ಯಾನಿಲಯಗಳ ಕರ್ತವ್ಯವೇ ಹೊರತು, ಹೆಣ ತೇಲುವವರೆಗೆ ಕಾಯುವುದಲ್ಲ. ಎಂಡೋಸಲ್ಫಾನ್ ವಿಷಯದಲ್ಲಿ ಕಾದದ್ದರ ಫಲವನ್ನು ಕಾಸರಗೋಡು, ದಕ್ಷಿಣ ಕನ್ನಡದ ಹಳ್ಳಿಗಳು ಇಂದಿಗೂ ಉಣ್ಣುತ್ತಿವೆ.

ಇಷ್ಟು ಹೇಳಿದೊಡನೆ ಪರಿಸರಾಸಕ್ತರಲ್ಲೇ ಕೆಲವರು ಸುಲಭದ ಪರಿಹಾರವೊಂದನ್ನು ಮುಂದಿಡುತ್ತಾರೆ: ಟೈರು ಕೊಳ್ಳುವುದನ್ನೇ ಮುಂದೂಡಿ, ಬೋಳಾಗುವವರೆಗೂ ಓಡಿಸಿ. ಇದು ಮಿತವ್ಯಯವಲ್ಲ, ಅಪಾಯ. ಟೈರಿನ ಗೆರೆಗಳಿರುವುದು ಅಂದಕ್ಕಲ್ಲ, ಟೈರಿಗೂ ರಸ್ತೆಗೂ ನಡುವಿನ ನೀರನ್ನು ಹೊರದೂಡುವುದಕ್ಕೆ. ಗೆರೆಯ ಆಳ 1.6 ಮಿಲಿಮೀಟರಿಗೆ ಇಳಿದರೆ ಕಾನೂನಿನ ಪ್ರಕಾರವೇ ಆ ಟೈರು ರಸ್ತೆಗೆ ಅನರ್ಹ. ಆದರೆ ಒದ್ದೆ ರಸ್ತೆಯಲ್ಲಿ ಬ್ರೇಕಿನ ಹಿಡಿತ ಅದಕ್ಕೂ ಬಹಳ ಮುಂಚೆಯೇ ಕುಗ್ಗತೊಡಗುತ್ತದೆ. ಶಿರಾಡಿ, ಚಾರ್ಮಾಡಿ, ಹುಲಿಕಲ್ ಘಟ್ಟಗಳಲ್ಲಿ ಕೆಸರು, ತರಗೆಲೆ, ಮಂಜುಗಳ ನಡುವೆ ಇಳಿಯುವ ವಾಹನಕ್ಕೆ 3 ಮಿಲಿಮೀಟರ್ ಆಳವೇ ಕೊನೆಯ ಗೆರೆ ಎಂದು ತಿಳಿಯುವುದು ವಿವೇಕ. ಗುಜರಿಯಿಂದ ತಂದು ಚಾಕುವಿನಲ್ಲಿ ಹೊಸ ಗೆರೆ ಕೊರೆದು ಮಾರುವ ಕಾರಿನ ಟೈರುಗಳಂತೂ ಜೀವದೊಡನೆ ಆಡುವ ಜೂಜು. ಕಡಿಮೆ ಕೊಳ್ಳುವುದೆಂದರೆ ಕೆಟ್ಟದ್ದನ್ನು ಬಳಸುವುದಲ್ಲ. ಒಳ್ಳೆಯದನ್ನು ಕೊಂಡು ನಿಧಾನವಾಗಿ ಸವೆಸುವುದು.

ಇನ್ನೊಂದು ತುದಿಯಲ್ಲಿ ನಿಂತಿರುವವರು ಶೋಕಿಯವರು. ಕಾರಿನ ಜೊತೆ ಬಂದ ಅಳತೆ ಸಾಲದೆಂದು ಅಗಲದ ಟೈರು, ದೊಡ್ಡ ರಿಮ್ಮು ಹಾಕಿಸುವುದು ಈಗ ಸಣ್ಣ ಪಟ್ಟಣಗಳಲ್ಲೂ ಪ್ರತಿಷ್ಠೆಯ ಸಂಗತಿಯಾಗಿದೆ. ಟೈರು ಅಗಲವಾದಷ್ಟೂ ಅದಕ್ಕೆ ಬೇಕಾದ ವಸ್ತು ಹೆಚ್ಚು, ಸಾಮಾನ್ಯವಾಗಿ ಉರಿಯುವ ಇಂಧನವೂ ಹೆಚ್ಚು. ಎಚ್ ಎಂಬ ಸಂಕೇತವಿರುವ ಟೈರು ಗಂಟೆಗೆ 210 ಕಿಲೋಮೀಟರ್ ವೇಗ ತಾಳಬಲ್ಲದು; ಬಾಳೆಬರೆ ಘಾಟಿಯ ತಿರುವಿನಲ್ಲಿ 30 ದಾಟದ ವಾಹನಕ್ಕೆ ಆ ವೇಗ ಯಾವ ಲೋಕದಲ್ಲಿ ಬೇಕಾದೀತು? ಕಾರಿನ ತೂಕವೂ ಇದೇ ಲೆಕ್ಕಕ್ಕೆ ಸೇರುತ್ತದೆ. ಭಾರವಾದ ವಾಹನ ಹೆಚ್ಚು ರಬ್ಬರನ್ನು ಅರೆಯುತ್ತದೆ. ವಿದ್ಯುತ್ ಕಾರುಗಳು ಹೊಗೆ ಉಗುಳುವುದಿಲ್ಲ, ಸರಿ. ಆದರೆ ಬ್ಯಾಟರಿಯ ಭಾರವನ್ನು ಹೊರುವ ಟೈರು ಸವೆಯದೆ ಉಳಿಯುವುದಿಲ್ಲ.

ಹಾಗಾದರೆ ಮಲೆನಾಡಿನವರು ಯಾವ ಟೈರು ಕೊಳ್ಳಬೇಕು? ಮೊದಲನೆಯದಾಗಿ, ಕಾರು ತಯಾರಕರು ಸೂಚಿಸಿದ ಅಳತೆಯನ್ನೇ ಕೊಳ್ಳಬೇಕು. 165/80 ಆರ್ 14 ಎಂದಿದ್ದರೆ 165 ಮಿಲಿಮೀಟರ್ ಅಗಲ, ಅದರ ಶೇ. 80ರಷ್ಟು ಎತ್ತರದ ಪಕ್ಕೆ, 14 ಅಂಗುಲದ ರಿಮ್ಮು ಎಂದರ್ಥ. ಭಾರ ಹಾಗೂ ವೇಗದ ಸಂಕೇತಗಳು ಸೂಚಿತ ಮಟ್ಟಕ್ಕಿಂತ ಕೆಳಗಿರಬಾರದು, ಶೋಕಿಗಾಗಿ ಮೇಲಕ್ಕೂ ಹೋಗಬೇಕಿಲ್ಲ. ಎರಡನೆಯದಾಗಿ, ಒದ್ದೆ ರಸ್ತೆಯ ಹಿಡಿತಕ್ಕೆ ಮೊದಲ ಮನ್ನಣೆ ನೀಡಬೇಕು. ಹಿಡಿತ, ಇಂಧನದ ಉಳಿತಾಯ, ದೀರ್ಘ ಬಾಳಿಕೆ ಈ ಮೂರನ್ನೂ ಒಂದೇ ಟೈರಿನಲ್ಲಿ ತುಂಬುವುದು ಕಷ್ಟ. ಒಂದನ್ನು ಎಳೆದರೆ ಇನ್ನೊಂದು ಸಡಿಲವಾಗುತ್ತದೆ. ಬಯಲುಸೀಮೆಯ ಒಣ ಹೆದ್ದಾರಿಗೆ ಒಪ್ಪುವ ಗಟ್ಟಿ ರಬ್ಬರು ಜುಲೈ ತಿಂಗಳ ಘಟ್ಟಕ್ಕೆ ಒಪ್ಪಲೇಬೇಕೆಂದಿಲ್ಲ. ಮೂರನೆಯದಾಗಿ, ಪಕ್ಕೆಯ ಮೇಲಿನ ನಾಲ್ಕು ಅಂಕೆಗಳನ್ನು ಓದಬೇಕು. 2324 ಎಂದಿದ್ದರೆ ಅದು 2024ರ 23ನೆಯ ವಾರದಲ್ಲಿ ತಯಾರಾದದ್ದು. ಅಂಗಡಿಯಲ್ಲಿ ವರ್ಷಗಳಿಂದ ಮಲಗಿರುವ ಟೈರನ್ನು ರಿಯಾಯಿತಿಯ ಹೆಸರಿನಲ್ಲಿ ಕೊಳ್ಳುವುದು ಮುಗ್ಗಿದ ಬೀಜ ಕೊಂಡಂತೆ. ನಾಲ್ಕನೆಯದಾಗಿ, ಎರಡನ್ನೇ ಬದಲಿಸುವ ಶಕ್ತಿಯಿದ್ದರೆ ಹೊಸದನ್ನು ಹಿಂದಿನ ಚಕ್ರಗಳಿಗೆ ಹಾಕಿಸಬೇಕು. ತಿರುವಿನಲ್ಲಿ ಹಿಂಭಾಗ ಜಾರಿದರೆ ಸಾಮಾನ್ಯ ಚಾಲಕರು ವಾಹನವನ್ನು ಹತೋಟಿಗೆ ತರಲಾರರು. ಕೊಂಡ ಮೇಲೆ ಹದಿನೈದು ದಿನಕ್ಕೊಮ್ಮೆ, ಟೈರು ತಣ್ಣಗಿರುವಾಗ, ಗಾಳಿಯ ಒತ್ತಡ ನೋಡಬೇಕು. ಕಡಿಮೆ ಗಾಳಿಯ ಟೈರು ಅಂಚುಗಳಲ್ಲಿ ಬೇಗ ಸವೆದು, ಇಂಧನವನ್ನೂ ತಿಂದು, ಹೊಳೆಗೂ ಹೆಚ್ಚು ಪುಡಿ ಉಣಿಸುತ್ತದೆ.

ಆದರೆ ಹೊಣೆಯೆಲ್ಲವನ್ನೂ ಕೊಳ್ಳುವವರ ಹೆಗಲಿಗೇರಿಸುವುದು ಅನ್ಯಾಯ. 2022ರ ಜೂನ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯವು ಉರುಳುವಿಕೆಯ ಪ್ರತಿರೋಧ, ಒದ್ದೆ ಹಿಡಿತ ಹಾಗೂ ಸದ್ದಿಗೆ ಸಂಬಂಧಿಸಿದ ಎಐಎಸ್ 142 ಮಾನದಂಡವನ್ನು ಕಡ್ಡಾಯಗೊಳಿಸಿ ಅಧಿಸೂಚನೆ ಹೊರಡಿಸಿತು. ಅದು ಸ್ವಾಗತಾರ್ಹ. ಆದರೆ ಆ ಮಾನದಂಡದಲ್ಲಿ ಸವೆತದ ಮಾತೇ ಇಲ್ಲ. ಐರೋಪ್ಯ ಒಕ್ಕೂಟ 2024ರಲ್ಲಿ ಅಂಗೀಕರಿಸಿದ ಯೂರೋ 7 ನಿಯಮವು ಟೈರಿನ ಸವೆತಕ್ಕೂ ಮಿತಿ ಹೇರುವ ದಾರಿ ತೆರೆದಿದೆ. ಕಿಲೋಮೀಟರಿಗೆ ಎಷ್ಟು ಮಿಲಿಗ್ರಾಂ ಸವೆಯುತ್ತದೆ ಎಂಬುದನ್ನು ಟೈರಿನ ಮೇಲೆ ಅಚ್ಚು ಹಾಕಿಸುವುದು ಈ ದೇಶದಲ್ಲಿ ಏಕೆ ಅಸಾಧ್ಯ?

ಹಳೆಯ ಟೈರಿನ ಕಥೆಯೂ ಹೀಗೆಯೇ. 2022ರ ಜುಲೈನಲ್ಲಿ ಬಂದ ತಿದ್ದುಪಡಿ ನಿಯಮಗಳು ತ್ಯಾಜ್ಯ ಟೈರಿನ ಮರುಬಳಕೆಯ ಹೊಣೆಯನ್ನು ತಯಾರಕರಿಗೆ ಒಪ್ಪಿಸಿದವು, 2022-23ರಲ್ಲಿ ಶೇ. 35, ಮರುವರ್ಷ ಶೇ. 70, 2024-25ರಿಂದ ಶೇ. 100 ಎಂಬ ಗುರಿಯನ್ನೂ ಗೊತ್ತುಪಡಿಸಿದವು. ಪ್ರಮಾಣಪತ್ರಗಳ ಮೂಲಕ ಈ ಹೊಣೆ ಕಾಗದದಲ್ಲಿ ತೀರುತ್ತದೆ. ಆದರೆ ಘಟ್ಟದ ಹಳ್ಳಿಯ ಪಂಕ್ಚರ್ ಅಂಗಡಿಯ ಹಿಂದೆ ರಾಶಿ ಬಿದ್ದ ಟೈರನ್ನು ಒಯ್ಯಲು ಬರುವವರು ಯಾರು? ಆ ರಾಶಿ ಆಲೆಮನೆಯ ಒಲೆಗೋ, ಚಳಿ ಕಾಯಿಸುವ ಬೆಂಕಿಗೋ, ರಸ್ತೆ ತಡೆಯ ಜ್ವಾಲೆಗೋ ಆಹುತಿಯಾಗಿ ಗಂಧಕದ ಡೈಆಕ್ಸೈಡ್, ಬೆಂಜೀನ್‌ಗಳನ್ನು ಊರಿನ ಉಸಿರಿಗೆ ಬೆರೆಸುತ್ತದೆ. ಪರಿಸರದ ಹೆಸರಿನ ಪ್ರತಿಭಟನೆಯಲ್ಲೂ ಟೈರು ಸುಡುವವರಿಗೆ ಯಾರು ಬುದ್ಧಿ ಹೇಳಬೇಕು? ಸುಡದೆ ಬಿಟ್ಟ ಟೈರಿನಲ್ಲಿ ಮಳೆನೀರು ನಿಂತು ಈಡಿಸ್ ಸೊಳ್ಳೆಯ ತೊಟ್ಟಿಲಾಗುತ್ತದೆ. 2006ರ ಚಿಕೂನ್‌ಗುನ್ಯಾ ಹಾವಳಿಯನ್ನು ರಾಜ್ಯ ಮರೆತಿಲ್ಲ; 2024ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಗೊಡುವವರಿಗೆ ದಂಡವನ್ನೂ ವಿಧಿಸಿತು. ದಂಡ ತೆರಬೇಕಾದವನು ಬಡ ಪಂಕ್ಚರ್ ಅಂಗಡಿಯವನಂತೆ, ಟೈರು ಮಾರಿ ಲಾಭ ಪಡೆದ ಕಂಪನಿಯಲ್ಲವಂತೆ!

ಟೈರಿನ ಹುಟ್ಟಿನಲ್ಲೂ ಮಲೆನಾಡಿಗೆ ಪಾಲಿದೆ. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಅಮೆಜಾನಿನಿಂದ ಲಂಡನ್ನಿನ ಕ್ಯೂ ಉದ್ಯಾನಕ್ಕೆ ಸಾಗಿಸಿದ ಬೀಜಗಳ ಸಂತತಿ ಏಷ್ಯಾಕ್ಕೆ ಹಬ್ಬಿತು. ಶ್ರೀಲಂಕಾದಿಂದ ಮರಳಿದ ತಮಿಳು ಕಾರ್ಮಿಕರ ಪುನರ್ವಸತಿಗಾಗಿ 1970ರ ದಶಕದಲ್ಲಿ ಸುಳ್ಯ, ಪುತ್ತೂರು ಭಾಗದ ಅರಣ್ಯಭೂಮಿಯಲ್ಲಿ ರಬ್ಬರ್ ತೋಟಗಳು ಎದ್ದವು. ಆ ಜನರಿಗೆ ಅನ್ನ ದೊರೆತದ್ದು ನ್ಯಾಯವೇ; ಆದರೆ ನೂರಾರು ಜಾತಿಯ ಮರಗಳಿದ್ದ ಕಡೆ ಒಂದೇ ಜಾತಿ ನಿಂತಿತೆಂಬುದೂ ಸತ್ಯವೇ. ಅಗತ್ಯಕ್ಕಿಂತ ಅಗಲವಾದ ಪ್ರತಿಯೊಂದು ಟೈರೂ ಇನ್ನಷ್ಟು ಕಾಡನ್ನು ತೋಟವಾಗಿಸುವ ಬೇಡಿಕೆಯೇ ಆಗಿದೆ.

ಬೇಡಿಕೆಗಳು ಸ್ಪಷ್ಟವಾಗಿರಲಿ. ಟೈರು ಮಾರುವ ಅಂಗಡಿಯೇ ಹಳೆಯದನ್ನು ಪಡೆದು ರಸೀದಿ ನೀಡಬೇಕು; ಹೋಬಳಿಗೊಂದು ಸಂಗ್ರಹ ಕೇಂದ್ರವನ್ನು ತಯಾರಕರ ಖರ್ಚಿನಲ್ಲಿ ತೆರೆಯಬೇಕು. ಘಟ್ಟದ ರಸ್ತೆಗಳನ್ನು ಅಗಲಿಸಲು ಕೋಟಿಗಟ್ಟಲೆ ಸುರಿಯುವ ಲೋಕೋಪಯೋಗಿ ಇಲಾಖೆ, ಚರಂಡಿಯ ನೀರು ಹಳ್ಳ ಸೇರುವ ಮುನ್ನ ಮರಳು ಹಾಗೂ ಕಾಂಪೋಸ್ಟ್ ತುಂಬಿದ ಇಂಗುಗುಂಡಿಗಳ ಮೂಲಕ ಹಾಯುವಂತೆ ಮಾಡಬೇಕು. ವಾಷಿಂಗ್ಟನ್ ರಾಜ್ಯದ ಪ್ರಯೋಗಗಳಲ್ಲಿ ಇಂಥದೇ ಮಣ್ಣಿನ ಪದರದಲ್ಲಿ ಸೋಸಿದ ರಸ್ತೆನೀರಿನಲ್ಲಿ ಕೊಹೋ ಮೀನುಗಳು ಬದುಕಿ ಉಳಿದವು. ಗೊಬ್ಬರ ಮಾಡಬಲ್ಲ ಊರಿಗೆ ಇದು ದೊಡ್ಡ ವಿದ್ಯೆಯೇನಲ್ಲ.

ಎಲ್ಲಕ್ಕಿಂತ ಮಿಗಿಲಾಗಿ, ಹಳ್ಳಿಗಳಿಗೆ ಬಸ್ಸು ಬರಬೇಕು. ಕಾರಿಲ್ಲದೆ ಆಸ್ಪತ್ರೆ, ಶಾಲೆ ತಲುಪಲಾಗದ ಊರಿನವರಿಗೆ ಕಾರು ಬಿಡಿ ಎಂದು ಉಪದೇಶಿಸುವುದು ಕ್ರೌರ್ಯ. ಬಸ್ಸಿನ ಟೈರಿನ ಹೊರಮೈ ಸವೆದರೆ ರೀಟ್ರೆಡ್ ಮಾಡಿ ಮತ್ತೆ ಓಡಿಸಬಹುದು. ಅದರ ಸವೆತ ಐವತ್ತು ಮಂದಿಯ ನಡುವೆ ಹಂಚಿಹೋಗುತ್ತದೆ. ನಿಂತುಹೋದ ಒಂದು ಬಸ್ಸಿನ ಮಾರ್ಗವನ್ನು ಮತ್ತೆ ಆರಂಭಿಸಲು ತಾಲ್ಲೂಕು ಕಚೇರಿಯ ಮುಂದೆ ಕೂರುವುದು ಹೊಳೆಯನ್ನು ಉಳಿಸುವ ಕೆಲಸವೇ ಹೌದು. ಅಲ್ಲಿಯವರೆಗೆ ಕೊಳ್ಳಲೇಬೇಕಾದ ಟೈರನ್ನು ಕೃಷಿಕರು ಬಿತ್ತನೆ ಬೀಜ ಆರಿಸುವಷ್ಟೇ ಎಚ್ಚರದಿಂದ ಆರಿಸಲಿ. ತುಂಗೆ, ಭದ್ರೆ, ನೇತ್ರಾವತಿಗಳ ತಲೆಯ ಮೇಲೆ ಕುಳಿತವರು ಕೆಳಗಿನವರಿಗೆ ಕಳಿಸುವ ನೀರಿನ ಲೆಕ್ಕ ಕೊಡಬೇಕಾದ ದಿನ ದೂರವಿಲ್ಲ.