ಮನಸ್ಸು ಗಟ್ಟಿ ಮಾಡಿಕೊಳ್ಳಿ ಎನ್ನುವ ಮೊದಲು

ಲಕ್ವ ಹೊಡೆದವರನ್ನು ನೋಡಲು ಹೋದಾಗ ನಾವೆಲ್ಲ ಕೇಳುವುದು ಒಂದೇ ಪ್ರಶ್ನೆ: "ಕೈಕಾಲು ಬಂತಾ?" ಅದನ್ನೂ ಅವರನ್ನಲ್ಲ, ಪಕ್ಕದಲ್ಲಿ ನಿಂತವರನ್ನು ಕೇಳುತ್ತೇವೆ.

ಸೊರಬದ ಹಳ್ಳಿಯೊಂದರಲ್ಲಿರುವ ನನ್ನ ದೊಡ್ಡಪ್ಪನಿಗೆ ಬಲಗೈ ಮತ್ತು ಮಾತು ಎರಡೂ ಹೋಗಿದ್ದವು. ನಾವು ಶಿಕಾರಿಪುರದಿಂದ ವಾರಕ್ಕೊಮ್ಮೆ ಹೋಗಿಬರುತ್ತಿದ್ದೆವು. ನಾಲ್ಕು ತಿಂಗಳಲ್ಲಿ ಅವರು ಕೋಲೂರಿ ನಡೆದರು. "ಹುಷಾರಾದ್ರು" ಎಂದು ನಾವೇ ತೀರ್ಮಾನಿಸಿದೆವು. ಆಮೇಲೆ ಅವರು ವ್ಯಾಯಾಮ ಬಿಟ್ಟರು, ಊಟ ಕಡಿಮೆ ಮಾಡಿದರು, ಸಣ್ಣದಕ್ಕೂ ಅಳತೊಡಗಿದರು. ನಮ್ಮ ಬಳಿ ಇದ್ದ ಮದ್ದು ಒಂದೇ: "ಮನಸ್ಸು ಗಟ್ಟಿ ಮಾಡ್ಕಳಿ ದೊಡ್ಡಪ್ಪ."

ಇದು ಸಮಾಧಾನದ ಮಾತಲ್ಲ, ಆರೋಪ. ಪಾರ್ಶ್ವವಾಯುವಿಗೆ ತುತ್ತಾದ ಸುಮಾರು ಮೂವರಲ್ಲಿ ಒಬ್ಬರನ್ನು ಖಿನ್ನತೆ ಕಾಡುತ್ತದೆ. ಅದಕ್ಕೆ ಮಿದುಳಿಗೆ ಬಿದ್ದ ಪೆಟ್ಟೂ ಕಾರಣ, ಬದುಕಿಗೆ ಬಿದ್ದ ಪೆಟ್ಟೂ ಕಾರಣ. ತಡೆಯಲಾಗದ ಅಳು ಕೂಡ ಮಿದುಳಿನ ಗಾಯದ ಲಕ್ಷಣವಿರಬಹುದು. ಖಿನ್ನತೆಗೆ ಚಿಕಿತ್ಸೆಯಿದೆ. ಚಿಕಿತ್ಸೆ ಕೊಡದಿದ್ದರೆ ರೋಗಿ ವ್ಯಾಯಾಮ ಬಿಡುತ್ತಾರೆ, ಕೈ ಇನ್ನಷ್ಟು ಸೆಟೆಯುತ್ತದೆ. ಆಗ "ಸೋಮಾರಿ" ಎನ್ನುತ್ತೇವೆ.

ಮಾತು ಹೋದವರಿಗೆ ಬುದ್ಧಿಯೂ ಹೋಗಿದೆ ಎಂಬಂತೆ ನಡೆದುಕೊಳ್ಳುವುದು ಇನ್ನೂ ದೊಡ್ಡ ತಪ್ಪು. ಆ ವರ್ಷದ ಅಡಿಕೆ ಚೇಣಿಯ ಮಾತುಕತೆ ದೊಡ್ಡಪ್ಪನ ಎದುರೇ ಮುಗಿಯಿತು. ನಲವತ್ತು ವರ್ಷ ಆ ತೋಟ ನೋಡಿಕೊಂಡವರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಪಿಎಚ್.ಡಿ. ಮಾಡುವ ನಾನೂ ಅಲ್ಲೇ ಕೂತಿದ್ದೆ, ಬಾಯಿ ಬಿಡಲಿಲ್ಲ. ಆ ರಾತ್ರಿ ಅವರು ಊಟಕ್ಕೆ ಏಳಲಿಲ್ಲ.

ಮನೆಯವರಿಗೆ ಇದಕ್ಕೆಲ್ಲ ಪುರುಸೊತ್ತೆಲ್ಲಿ ಎನ್ನಬಹುದು. ನಿಜ. ಕೊಟ್ಟಿಗೆ, ಅಡುಗೆ, ರೋಗಿಯ ಆರೈಕೆ ಎಲ್ಲವೂ ದೊಡ್ಡಮ್ಮನ ಮೇಲೇ ಬಿತ್ತು. ಆಕೆ ಹೇಗಿದ್ದಾಳೆ ಎಂದೂ ನಾವು ಕೇಳಲಿಲ್ಲ. ಅದಕ್ಕೇ ಇದನ್ನು ಮನೆಯವರ ಒಳ್ಳೆಯತನಕ್ಕೆ ಮಾತ್ರ ಬಿಡಬಾರದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಸಿಗಲಿ ಎಂದೇ ರಾಜ್ಯ ಸರ್ಕಾರ 2014ರಲ್ಲಿ ಮನೋಚೈತನ್ಯ ಕಾರ್ಯಕ್ರಮ ತಂದಿತು. ಲಕ್ವದ ರೋಗಿಯನ್ನು ಮನೆಗೆ ಕಳಿಸುವ ಚೀಟಿಯಲ್ಲಿ ಬಿಪಿ ಮಾತ್ರೆಯ ಜೊತೆ ಅಂಥದೊಂದು ಮಂಗಳವಾರದ ದಿನಾಂಕವನ್ನೂ ಕಡ್ಡಾಯವಾಗಿ ಬರೆಯಲಿ. ಮನೆಯವರೂ ಜೊತೆಗೆ ಬರಲಿ, ಅವರನ್ನೂ ವಿಚಾರಿಸಲಿ.

ಉಳಿದದ್ದು ನಮ್ಮ ಕೆಲಸ. ಒಣಗಿದ ಅಡಿಕೆ ಆರಿಸಲು ಎಡಗೈ ಸಾಕು. ಮುಂದಿನ ಸಲ ಹೋದಾಗ "ಕೈ ಬಂತಾ" ಎನ್ನಬೇಡಿ. "ಈ ಸಲ ತೋಟ ಚೇಣಿಗೆ ಕೊಡೋದಾ, ಬೇಡ್ವಾ?" ಎಂದು ಅವರನ್ನೇ ಕೇಳಿ. ತಲೆಯಾಡಿಸಲು ಸ್ವಲ್ಪ ಹೊತ್ತು ಹಿಡಿಯಬಹುದು. ಕಾಯಿರಿ.