ಹಿಮದ ಗೋಳವೂ ಅಡಿಗೆಮನೆಯ ರವೆಯೂ

ಉಪ್ಪಿಟ್ಟಿಗೆಂದು ನಾವು ಹುರಿಯುವ ರವೆಗೂ ಶೀತದೇಶಗಳಲ್ಲಿ ಸುರಿಯುವ ಹಿಮಕ್ಕೂ ನಂಟಿದೆಯೆಂದರೆ ವಾಚಕರು ನಕ್ಕಾರು. ಆದರೂ ಆ ನಂಟು ನಿಜವಾದದ್ದು. ನೂರಿಪ್ಪತ್ತು ವರ್ಷಗಳಷ್ಟು ಹಳೆಯದು. ಮಗನೋ ಮಗಳೋ ಪರದೇಶದಲ್ಲಿರುವ ಮನೆಗಳ ಷೋಕೇಸಿನಲ್ಲಿ ಅಂಗೈಯಗಲದ ಗಾಜಿನ ಗೋಳವೊಂದನ್ನು ನೀವು ನೋಡಿರಬಹುದು. ಅದರೊಳಗೆ ಪುಟ್ಟದೊಂದು ಮನೆಯೋ ಗೋಪುರವೋ ನೀರಿನಲ್ಲಿ ನಿಂತಿರುತ್ತದೆ. ಗೋಳವನ್ನು ಒಮ್ಮೆ ಅಲುಗಿಸಿ ಕೆಳಗಿಟ್ಟರೆ ಬಿಳಿಯ ಕಣಗಳು ಮೇಲೆದ್ದು, ಅವಸರವೆಂಬುದನ್ನೇ ಅರಿಯದಂತೆ ಮೆಲ್ಲಮೆಲ್ಲನೆ ಇಳಿದು ಆ ಮನೆಯ ಮಾಡನ್ನು ಮುಚ್ಚುತ್ತವೆ. ಇದೇ ಹಿಮದ ಗೋಳ. ಇಂಥದೊಂದನ್ನು ಕಂಪ್ಯೂಟರಿನ ಪರದೆಯ ಮೇಲೆ ರಚಿಸುವ ಬಗೆಯೇ ಈ ವಾರದ ವಿಷಯ. ಆದರೆ ಮೂಲದ ಕಥೆಯನ್ನು ಮೊದಲು ತಿಳಿದುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಕಥೆ ನಡೆದದ್ದು ಆಸ್ಟ್ರಿಯಾದ ರಾಜಧಾನಿಯಾದ ವಿಯೆನ್ನಾ ನಗರದಲ್ಲಿ, 1900ರ ಸುಮಾರಿಗೆ. ಎರ್ವಿನ್ ಪೆರ್ಝಿ ಎಂಬಾತನು ಶಸ್ತ್ರವೈದ್ಯರ ಉಪಕರಣಗಳನ್ನು ತಯಾರಿಸುತ್ತಿದ್ದ ಕುಶಲಿ. ವಿದ್ಯುದ್ದೀಪವು ಆಗಿನ್ನೂ ಮಂಕಾಗಿಯೇ ಉರಿಯುತ್ತಿದ್ದ ಕಾಲ. ಶಸ್ತ್ರಕ್ರಿಯೆಗೆ ಹೆಚ್ಚಿನ ಬೆಳಕು ಬೇಕಾಗಿದ್ದಿತು. ಜೋಡು ಹೊಲಿಯುವ ಕಸುಬಿನವರು ದೀಪದ ಮುಂದೆ ನೀರು ತುಂಬಿದ ಗಾಜಿನ ಬುರುಡೆಯನ್ನಿಟ್ಟು, ಚದುರಿಹೋಗುವ ಬೆಳಕನ್ನು ಹೊಲಿಗೆಯ ಮೇಲೆ ಕೂಡಿಸಿಕೊಳ್ಳುತ್ತಿದ್ದರು. ಪೆರ್ಝಿ ಅದೇ ಉಪಾಯವನ್ನು ಹಿಡಿದನು. ಬೆಳಕು ಇನ್ನಷ್ಟು ಹೆಚ್ಚಲೆಂದು ನೀರಿಗೆ ಗಾಜಿನ ಚೂರುಗಳನ್ನು ಹಾಕಿ ನೋಡಿದನು, ಅವು ತಳಕ್ಕಿಳಿದುಬಿಟ್ಟವು. ಬಳಿಕ ಅಡಿಗೆಮನೆಯ ರವೆಯನ್ನು ಹಾಕಿದನು. ಬೆಳಕೇನೋ ಹೆಚ್ಚಲಿಲ್ಲ. ಆದರೆ ನೀರಿನಲ್ಲಿ ನೆನೆದ ರವೆ ತೇಲಿ ತೇಲಿ ಇಳಿಯುವ ಬಗೆ ಹಿಮ ಬಿದ್ದಂತೆಯೇ ಕಂಡಿತು! ಮಾರಿಯಾಟ್ಸೆಲ್ ಎಂಬ ಯಾತ್ರಾಸ್ಥಳದ ದೇವಾಲಯವನ್ನು ಲೋಹದಲ್ಲಿ ಪುಟ್ಟದಾಗಿ ಮಾಡಿ ಆತನು ಗೋಳದೊಳಗಿಟ್ಟನು. ನೀರು ತುಂಬಿದ ಇಂಥ ಆಟಿಕೆ ಅದಕ್ಕೂ ಮೊದಲು ಇರಲಿಲ್ಲವೆಂದಲ್ಲ. 1878ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಕೊಡೆ ಹಿಡಿದ ಮನುಷ್ಯನ ಬೊಂಬೆಯಿದ್ದ ಗಾಜಿನ ಪೇಪರ್‌ವೇಟುಗಳು ಜನರ ಕಣ್ಣಿಗೆ ಬಿದ್ದಿದ್ದವು. ಆದರೆ ಅದನ್ನೊಂದು ಕಸುಬಾಗಿ ಬೆಳೆಸಿದ್ದು ಪೆರ್ಝಿಯ ಮನೆತನ. ಆ ಮನೆತನದವರು ವಿಯೆನ್ನಾದಲ್ಲಿ ಇಂದಿಗೂ ಗೋಳಗಳನ್ನು ಮಾಡುತ್ತಿದ್ದಾರೆ. ಈಗಿನ ಹಿಮಕಣ ಯಾವುದರಿಂದ ಆದದ್ದೆಂಬುದು ಅವರ ಮನೆಯ ಗುಟ್ಟು.

ಬೆಳಕನ್ನು ಅರಸಿ ಹೊರಟವನಿಗೆ ಹಿಮ ದೊರೆಯಿತು. ಕಂಪ್ಯೂಟರಿನ ಮುಂದೆ ಕುಳಿತ ನಮ್ಮ ದಾರಿ ಇದಕ್ಕೆ ತಿರುಗುಮುರುಗು. ನಾವು ಹಿಮವನ್ನು ಅರಸಿ ಹೊರಡುತ್ತೇವೆ. ಆದರೆ ಬೆಳಕಿನ ನಡೆಯನ್ನು ಅರಿಯದೆ ಗೋಳ ಸಿದ್ಧಿಸುವುದಿಲ್ಲ.

ಇದಕ್ಕೆ ಬೇಕಾದ ಸಾಧನ ಫೋಟೋಶಾಪ್ ಆದರೂ ಆದೀತು, ಗಿಂಪ್ ಆದರೂ ಆದೀತು. ಮೊದಲನೆಯದಕ್ಕೆ ಹಣ ತೆರಬೇಕು, ಎರಡನೆಯದು ಉಚಿತ. ಎರಡರಲ್ಲಿಯೂ ಮುಖ್ಯವಾದ ಸೌಕರ್ಯವೆಂದರೆ ಪದರಗಳು, ಎಂದರೆ ಲೇಯರುಗಳು. 1990ರಲ್ಲಿ ಹೊರಬಂದ ಫೋಟೋಶಾಪಿಗೆ ಈ ಸೌಕರ್ಯ ಕೂಡಿದ್ದು 1994ರಲ್ಲಿ. ಪಾರದರ್ಶಕವಾದ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿದಂತೆ ಇವು ಇರುತ್ತವೆ. ಒಂದನ್ನು ತಿದ್ದಿದರೆ ಮತ್ತೊಂದು ಕೆಡುವುದಿಲ್ಲ. ಚಿತ್ರ ಒಂದು ಪದರದಲ್ಲಿ, ಗಾಜು ಒಂದರಲ್ಲಿ, ಹಿಮ ಇನ್ನೊಂದರಲ್ಲಿ ಇರತಕ್ಕದ್ದು.

ಉದ್ದಗಲ 800 ಪಿಕ್ಸೆಲ್‌ಗಳಿರುವ ಚೌಕವನ್ನು ತೆರೆಯಿರಿ. ದೀರ್ಘವೃತ್ತದ ಆಯ್ಕೆಯ ಉಪಕರಣವನ್ನು ಹಿಡಿದು, ಎಳೆಯುವಾಗ ಷಿಫ್ಟ್ ಕೀಲಿಯನ್ನು ಒತ್ತಿದರೆ ಶುದ್ಧವಾದ ವೃತ್ತ ಬರುತ್ತದೆ. ನಿಮ್ಮ ಭಾವಚಿತ್ರವನ್ನು ಆ ವೃತ್ತದಷ್ಟಕ್ಕೇ ಉಳಿಸಿ, ಮಿಕ್ಕದ್ದನ್ನು ಮರೆಮಾಡಿ. ಬಳಿಕ ಸ್ಫಿಯರೈಜ್ ಎಂಬ ಸೋಸುಕವನ್ನು ಹಿತಮಿತವಾಗಿ ಬಳಸಿದರೆ ನಡುವಿನ ಭಾಗ ತುಸು ಉಬ್ಬಿ, ಅಂಚಿನ ಗೆರೆಗಳು ಬಾಗುತ್ತವೆ. ನೀರಿನೊಳಗಣ ವಸ್ತು ದೊಡ್ಡದಾಗಿ ಕಾಣುವುದು ಲೋಕಾನುಭವವಷ್ಟೆ.

ಇಷ್ಟಾದರೂ ಅದು ದುಂಡಗೆ ಕತ್ತರಿಸಿದ ಚಿತ್ರವೇ ಹೊರತು ಗೋಳವಲ್ಲ. ಗೋಳವಾಗಬೇಕಾದರೆ ದೀಪವು ಎಲ್ಲಿದೆಯೆಂಬುದನ್ನು ಮೊದಲು ನಿಶ್ಚಯಿಸಬೇಕು. ಎಡಗಡೆ ಮೇಲೆ ಇದೆಯೆನ್ನಿ. ಹಾಗಾದರೆ ಅಂಚಿನ ಸುತ್ತ ತೆಳುವಾದ ನೆರಳನ್ನು ಹಾಯಿಸಿ. ಎಡಮೇಲ್ಭಾಗದಲ್ಲಿ ಬಾಗಿದ ಕಿಟಕಿಯಂತಹ ಬಿಳಿಯ ಹೊಳಪನ್ನು ಬರೆದು, ಅದರ ಕೆಳತುದಿಯನ್ನು ಕರಗಿಸಿ. ಇಲ್ಲಿಯವರೆಗೆ ಎಲ್ಲರೂ ಮಾಡುತ್ತಾರೆ. ಹಲವರು ಬಿಟ್ಟುಬಿಡುವುದು ಎದುರು ಬದಿಯನ್ನು. ನೀರು ತುಂಬಿದ ಗೋಳವು ಬೆಳಕನ್ನು ಕೂಡಿಸಿ ಆಚೆಯ ಬದಿಗೆ ಚೆಲ್ಲುತ್ತದೆ. ಜೋಡು ಹೊಲಿಯುವವರ ಬುರುಡೆಯ ಗುಟ್ಟು ಇದೇ ಅಲ್ಲವೆ? ಆದ್ದರಿಂದ ಬಲಕೆಳಭಾಗದ ಒಳಅಂಚಿನಲ್ಲಿ ಮೆಲುವಾದ ಕಾಂತಿಯಿರಬೇಕು. ಮೇಜಿನ ಮೇಲೆ ಬಿದ್ದ ನೆರಳಿನ ನಡುವೆಯೂ ಬೆಳಕಿನ ಮಚ್ಚೆಯೊಂದಿರಬೇಕು. ಇವೆರಡನ್ನು ಸೇರಿಸಿದ ಕ್ಷಣದಲ್ಲಿ ಚಪ್ಪಟೆಯಾದ ವೃತ್ತಕ್ಕೆ ಒಡಲು ಬಂದುಬಿಡುತ್ತದೆ.

ಇನ್ನು ಹಿಮ. ಹೊಸ ಪದರವೊಂದನ್ನು ಕಪ್ಪಿನಿಂದ ತುಂಬಿ, ನಾಯ್ಸ್ ಎಂಬ ಸೋಸುಕದಿಂದ ಬಿಳಿಯ ಚುಕ್ಕೆಗಳನ್ನು ಎರಚಿ, ಸ್ವಲ್ಪ ಮಸುಕುಗೊಳಿಸಿ, ಆಮೇಲೆ ಲೆವೆಲ್ಸ್ ಮೂಲಕ ಕಪ್ಪು ಬಿಳುಪುಗಳ ಅಂತರವನ್ನು ಹೆಚ್ಚಿಸಿ. ಚುಕ್ಕೆಗಳು ಒಂದಕ್ಕೊಂದು ಕೂಡಿ ಹಿಮದ ಹಳಕುಗಳಾಗುತ್ತವೆ. ಪದರವನ್ನು ಸ್ಕ್ರೀನ್ ಎಂಬ ಬೆರಕೆಯ ವಿಧಾನಕ್ಕೆ ಬದಲಿಸಿದರೆ ಕಪ್ಪೆಲ್ಲ ಮಾಯವಾಗಿ ಹಿಮವಷ್ಟೇ ಉಳಿಯುತ್ತದೆ. ಇಂತಹ ಮೂರು ಪದರಗಳನ್ನು ಮಾಡಿ: ದೂರದ ಕಣಗಳು ಸಣ್ಣವು, ಹತ್ತಿರದವು ದೊಡ್ಡವೂ ಮಸುಕಾದವೂ ಆಗಿರಲಿ. ಹಿಮವು ಬೀಳುತ್ತಲೇ ಇರಬೇಕೆಂಬ ಆಸೆಯಿದ್ದವರು ಆಫ್‌ಸೆಟ್ ಎಂಬ ಆದೇಶದಿಂದ ಹಿಮದ ಪದರವನ್ನು 100 ಪಿಕ್ಸೆಲ್‌ಗಳಂತೆ ಕೆಳಗೆ ಜರುಗಿಸುತ್ತ, ಕೆಳಗೆ ಮರೆಯಾದದ್ದು ಮೇಲಿನಿಂದ ಮರಳಿ ಬರುವಂತೆ ಮಾಡಿ, 8 ಚೌಕಟ್ಟುಗಳನ್ನು ಸಿದ್ಧಪಡಿಸಲಿ. ಎಂಟು ನೂರಲೆ ಎಂಟುನೂರು. ಕೊನೆಯದು ಮೊದಲಿನದಕ್ಕೆ ಸರಿಯಾಗಿ ಬಂದು ಕೂಡುತ್ತದೆ. ಅದನ್ನು ಜಿಫ್ ಕಡತವಾಗಿ ಉಳಿಸಬಹುದು. 1987ರ ಈ ಹಳೆಯ ರೂಪದಲ್ಲಿ ಒಂದು ಚೌಕಟ್ಟಿಗೆ 256 ಬಣ್ಣಗಳಷ್ಟೇ ಹಿಡಿಯುವುದರಿಂದ ವರ್ಣವೈಭವವನ್ನು ಬಯಸಬಾರದು.

ಆದರೆ ಗೋಳದೊಳಗೆ ಏನನ್ನಿಡಬೇಕು? ಆರ್ಸನ್ ವೆಲ್ಸ್ 1941ರಲ್ಲಿ ತೆಗೆದ ‘ಸಿಟಿಜನ್ ಕೇನ್’ ಚಲನಚಿತ್ರದ ಆರಂಭದಲ್ಲಿ, ಸಾಯುತ್ತಿರುವ ಶ್ರೀಮಂತನೊಬ್ಬನ ಕೈಯಿಂದ ಹಿಮದ ಗೋಳವೊಂದು ಜಾರಿ ಬೀಳುತ್ತದೆ. ಅದರೊಳಗಿರುವುದು ಅರಮನೆಯಲ್ಲ, ಹಿಮ ಕವಿದ ಸಣ್ಣದೊಂದು ಮನೆ. ಕೈಬಿಟ್ಟುಹೋದದ್ದನ್ನೇ ಮನುಷ್ಯನು ಗಾಜಿನಲ್ಲಿ ಹಿಡಿದಿಡಲು ಬಯಸುತ್ತಾನೇನೋ.

ನಮ್ಮ ನೆರೆಮನೆಯ ವೃದ್ಧೆಯೊಬ್ಬರು ಶರಾವತಿಯ ಕಣಿವೆಯಲ್ಲಿ ಹುಟ್ಟಿದವರು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ಹಿನ್ನೀರು ಏರಿದಾಗ ಅವರ ತವರುಮನೆ ಅಂಗಳ ಸಹಿತ ಮುಳುಗಿಹೋಯಿತು. ಉಳಿದಿರುವುದು ಕಪ್ಪುಬಿಳುಪಿನ ಒಂದೇ ಒಂದು ಭಾವಚಿತ್ರ. ಹಿಮ ಬೀಳುವ ದೇಶದಲ್ಲಿರುವ ಮೊಮ್ಮಗಳಿಗೆ ಆ ಮನೆಯನ್ನು ಗೋಳದೊಳಗಿಟ್ಟು ಕಳುಹಿಸಬೇಕೆಂದು ಅವರ ಸೊಸೆ ನನ್ನನ್ನು ಕೇಳಿದರು. ಭಾವಚಿತ್ರವನ್ನು ಕೊಡುವಾಗ ವೃದ್ಧೆ ಕೈಯನ್ನು ಹಿಂದಕ್ಕೆಳೆದುಕೊಂಡರು.

“ಮೇಷ್ಟ್ರೇ, ಆ ಗೋಳದಲ್ಲಿ ನೀರಿರುತ್ತದಲ್ಲವೆ? ಒಂದು ಸಲ ಮುಳುಗಿದ ಮನೆ ಇದು. ಮತ್ತೆ ನೀರಿನೊಳಗೆ ಇಡುತ್ತೀರಾ?”

“ಇಲ್ಲ ಅಮ್ಮಾ, ಇದರಲ್ಲಿ ನೀರೇ ಇಲ್ಲ. ನೀರಿನಂತೆ ತೋರುವುದೆಲ್ಲ ಬರಿಯ ಬೆಳಕು.”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಹಾಗಾದರೆ ಮಾಡಿ. ಹಿಮ ಮಾತ್ರ ಬೇಡ. ನಮ್ಮ ಮನೆ ಅದನ್ನು ಕಂಡದ್ದಲ್ಲ. ಅಂಗಳದಲ್ಲಿ ಪಾರಿಜಾತದ ಗಿಡವಿತ್ತು, ಬೆಳಗಾಗುವಾಗ ನೆಲವೆಲ್ಲ ಹೂವು” ಎಂದರು.

ಪಾರಿಜಾತಕ್ಕೆ ನಾಯ್ಸ್ ಸೋಸುಕ ಉಪಯೋಗಕ್ಕೆ ಬಾರದು. ಬಿಳಿಯ ಎಸಳು, ಕೇಸರಿ ತೊಟ್ಟು ಇರುವ ಒಂದೇ ಹೂವನ್ನು ಬರೆದು, ಅದರ ಪ್ರತಿಗಳನ್ನು ಬೇರೆ ಬೇರೆ ಗಾತ್ರಗಳಲ್ಲಿ, ಬೇರೆ ಬೇರೆ ಕೋನಗಳಲ್ಲಿ ತಿರುಗಿಸಿ ಹರಡಿದ್ದಾಯಿತು. ಈ ಪದರಕ್ಕೆ ಸ್ಕ್ರೀನ್ ವಿಧಾನವನ್ನು ಬಳಸಿದರೆ ಕೇಸರಿ ಬಣ್ಣ ತೆಳುವಾಗುವುದರಿಂದ, ಪಾರದರ್ಶಕವಾದ ಹಾಳೆಯ ಮೇಲೆ ಸಾಮಾನ್ಯ ವಿಧಾನದಲ್ಲಿಯೇ ಇಟ್ಟೆ. ಹೂವು ನಿಧಾನವಾಗಿ ಇಳಿಯಲೆಂದು 50 ಪಿಕ್ಸೆಲ್‌ಗಳಂತೆ 16 ಚೌಕಟ್ಟುಗಳಾದವು. ಇಡೀ ಚಿತ್ರದಲ್ಲಿ ಬಣ್ಣವೆಂದರೆ ಆ ತೊಟ್ಟುಗಳದೊಂದೇ. ನೋಡಿದ ವೃದ್ಧೆ ಜಗಲಿಯ ಮೂಲೆಯೊಂದನ್ನು ಬೆರಳಿನಿಂದ ತೋರಿಸಿ, “ಇಲ್ಲಿ ನಮ್ಮಪ್ಪ ಕೂರುತ್ತಿದ್ದರು” ಎಂದರು. ಆ ಮಾತನ್ನು ಸೊಸೆಯೂ ಅಂದೇ ಮೊದಲು ಕೇಳಿದ್ದಂತೆ.

ಚಿತ್ರ ತಿದ್ದುವ ಸಾಧನಗಳಿಂದ ಸುಳ್ಳು ಹೆಚ್ಚಿತೆಂದು ಹಲವರು ದೂರುತ್ತಾರೆ. ಅದರಲ್ಲಿ ಸತ್ಯಾಂಶವೂ ಉಂಟು. ಆದರೆ ಹಿಮದ ಗೋಳವು ಯಾರನ್ನೂ ವಂಚಿಸುವುದಿಲ್ಲ. ತಾನು ಕೈಯಿಂದ ಆದದ್ದೆಂಬುದನ್ನು ಗಾಜಿನ ಗೆರೆಯಿಂದಲೇ ಸಾರಿಬಿಡುತ್ತದೆ. ಒಂದೆರಡು ಎಚ್ಚರಿಕೆಗಳಷ್ಟೇ ಸಾಕು. ಮೂಲ ಭಾವಚಿತ್ರವನ್ನು ಎಂದಿಗೂ ತಿದ್ದದೆ, ಪ್ರತಿಯ ಮೇಲೆಯೇ ಕೆಲಸ ಮಾಡಿ. ಪದರಗಳು ಬೇರೆಬೇರೆಯಾಗಿರುವ ಕಡತವನ್ನೂ ಉಳಿಸಿಕೊಳ್ಳಿ. ಮುಂದೆ ಮಕ್ಕಳು ಬೇರೊಂದು ಹೂವನ್ನು ಬಯಸಬಹುದು. ಗೋಳದೊಳಗೆ ಊರನ್ನೆಲ್ಲ ತುರುಕದೆ ಒಂದೇ ಒಂದನ್ನು ಇಡಿ.

ಆ ಒಂದು ಯಾವುದೆಂಬುದನ್ನು ಕಂಪ್ಯೂಟರ್ ಹೇಳಲಾರದು. ಮನೆಯ ಹಿರಿಯರು ಹೇಳಬಲ್ಲರು. ಅವರನ್ನು ಈಗಲೇ ಕೇಳುವುದು ಒಳ್ಳೆಯದು.